ಕೇಳಲು ಬಂದವರ ತಾರೀಖು

ಪ್ರಾಕ್ಟಿಕಲ್ ಪರೀಕ್ಷೆಯ ಡ್ಯೂಟಿ ಮುಗಿಸಿಕೊಂಡು ಮಧುಗಿರಿ ಬಸ್ ನಿಲ್ದಾಣಕ್ಕೆ ಬಂದಾಗ ಮೊದಲು ಮೂಗಿಗೆ ಬಡಿದದ್ದು ಹುಣಸೆಹಣ್ಣಿನ ವಾಸನೆ. ಯಾರೋ ನಾಲ್ಕಾರು ಮೂಟೆಗಳನ್ನು ಕಂಬಕ್ಕೆ ಒರಗಿಸಿಟ್ಟು ಕಾಫಿಗೆ ಹೋಗಿದ್ದರು. ಒಂದು ಮೂಟೆಯ ಹೊಲಿಗೆ ಬಿಚ್ಚಿಕೊಂಡು ಹೊಸ ಹಣ್ಣು ಹೊರಗೆ ಇಣುಕುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಕಾದ ಬೆಟ್ಟ ಊರಿನ ಮೇಲೆಲ್ಲ ಕಾವು ಉಗುಳುತ್ತಿತ್ತು. ಹುಣಸೆ ಅಂದರೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಕಿವಿ ಬಿಸಿಯಾಗುತ್ತದೆ. ನಾಚಿಕೆಗೂ ಒಂದು ವಾಸನೆ ಇರುವುದಾದರೆ, ನನ್ನ ಮಟ್ಟಿಗೆ ಅದು ಇದೇ.

ನಾನೀಗ ಶಿರಾದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಡೇಟಾಬೇಸಿನಲ್ಲಿ ತಾರೀಖು ಇಡುವ ಪಾಠ ಬಂದ ದಿನ ನನ್ನ ಬೈಗುಳ ಜಾಸ್ತಿ. ಹೆಸರಿನ ಕಾಲಂ ಕೊಟ್ಟಿದ್ದನ್ನು ಕೊಟ್ಟ ಹಾಗೆ ಇಟ್ಟುಕೊಳ್ಳುತ್ತದೆ, ತಾರೀಖಿನ ಕಾಲಂ ಹಾಗಲ್ಲ, ಅದಕ್ಕೆ ಅದರದೇ ಬುದ್ಧಿ ಇರುತ್ತದೆ, ನಂಬಬೇಡಿ ಎಂದು ಕೂಗಾಡುತ್ತೇನೆ. ಬೆನ್ನ ಹಿಂದೆ ಮಕ್ಕಳು ನಗುವುದೂ ಗೊತ್ತು. ಮೇಡಂಗೆ ತಾರೀಖಿನ ಮೇಲೆ ಏನೋ ದ್ವೇಷ ಅಂತಾರಂತೆ. ದ್ವೇಷ ಇರುವುದು ತಾರೀಖಿನ ಮೇಲಲ್ಲ ಎಂದು ಅವರಿಗೆ ಹೇಳುವ ಧೈರ್ಯ ನನಗಿಲ್ಲ.

ಪಾಠ ಮಾಡುವ ಕೆಲಸ ಸಿಗುವ ಮೊದಲು ಒಂದು ವರ್ಷ ಇದೇ ಮಧುಗಿರಿಯ ಒಂದು ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿದ್ದೆ. ಕೊರಟಗೆರೆಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಇಲ್ಲದವರಿಗೆ ಪುಕ್ಕಟೆಯಾಗಿ ಪೊರೆ ತೆಗೆಯುವ ಆಸ್ಪತ್ರೆ ಅದು. ಕೊಡಿಗೇನಹಳ್ಳಿ, ಚನ್ನರಾಯನದುರ್ಗ, ಪಾವಗಡದ ಆಚೆಯ ಹಳ್ಳಿಗಳು, ಶಿರಾ ಕಡೆಯ ತಾವರೆಕೆರೆ, ಹೀಗೆ ಊರೂರಿಗೆ ಹೋಗಿ ಕ್ಯಾಂಪ್ ಮಾಡಿ, ಪೊರೆ ಬಂದವರ ಹೆಸರು ಬರೆದುಕೊಂಡು ಬರುತ್ತಿದ್ದರು. ಆಪರೇಷನ್ ಮಾಡಲು ಇದ್ದವರು ಒಬ್ಬರೇ ಡಾಕ್ಟರು. ಆದ್ದರಿಂದ ಮೊದಲು ಬರೆಸಿದವರು ಮೊದಲು ಎಂಬ ಕಟ್ಟುನಿಟ್ಟಿನ ಸರದಿ. ಎಮ್ಮೆಲ್ಲೆ ಫೋನ್ ಮಾಡಿಸಿದರೂ ಡಾಕ್ಟರು ಸರದಿ ತಪ್ಪಿಸುತ್ತಿರಲಿಲ್ಲ.

ನಾನು ಹೋದ ಹೊಸತರಲ್ಲಿ ಕ್ಯಾಂಪಿನ ಹಾಳೆಗಳೆಲ್ಲ ಬೀರುವಿನಲ್ಲಿ ಕಂತೆ ಕಂತೆಯಾಗಿ ಬಿದ್ದಿದ್ದವು. ಓದಿ ಬಂದ ಹುರುಪು ನೋಡಿ, ನಾನೇ ಒಂದು ಪ್ರೋಗ್ರಾಂ ಬರೆದೆ. ಹೆಸರು, ಊರು, ಫೋನ್ ನಂಬರು, ಯಾವ ಕಣ್ಣು, ಬರೆಸಿದ ತಾರೀಖು, ಕೊನೆಯಲ್ಲಿ ಷರಾ ಬರೆಯಲು ಒಂದು ಜಾಗ. ವಾರಕ್ಕೊಮ್ಮೆ ಒಂದು ಗುಂಡಿ ಒತ್ತಿದರೆ ಹಳೆಯ ತಾರೀಖಿನವರ ಹೆಸರು ಮೊದಲು ಬರುವಂತೆ ಪಟ್ಟಿ ಬೀಳುತ್ತಿತ್ತು. ಡಾಕ್ಟರು ಬಂದವರಿಗೆಲ್ಲ ತೋರಿಸಿ, ಇದು ನಮ್ಮ ಹುಡುಗಿ ಮಾಡಿದ್ದು ಎನ್ನುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ಇನ್ನು ಯಾಕೆ ಈ ಕಸ ಎಂದು ಹಳೇ ಹಾಳೆಗಳನ್ನೆಲ್ಲ ರದ್ದಿಗೆ ಹಾಕಿಸಿದವಳೂ ನಾನೇ. ಪರದೆ ಅಂದವಾಗಿ ಕಾಣಲಿ ಅಂತ, ಹೆಸರು ತೆರೆದಾಗ ತಾರೀಖು ಕಾಣದಂತೆ ಮಾಡಿದವಳೂ ನಾನೇ. ತಾರೀಖು ಒಳಗೆ ಭದ್ರವಾಗಿದೆ, ಜನಕ್ಕೆ ಯಾಕೆ ಎಂದುಕೊಂಡೆ.

ಕೌಂಟರಿನಲ್ಲಿ ಕೂರುತ್ತಿದ್ದವಳೂ ನಾನೇ ಆದ್ದರಿಂದ ನಮ್ಮ ಕಡೆಯ ಜನರ ಒಂದು ಅಭ್ಯಾಸ ಬೇಗ ತಿಳಿಯಿತು. ಬಂದು ಕೇಳಿದವರಿಗೆ ಬಾಯಲ್ಲಿ ಉತ್ತರ ಕೊಟ್ಟರೆ ಸಾಲದು. ಅವರು ಬಂದಿದ್ದು ಎಲ್ಲಾದರೂ ಬರೆದುಕೊಂಡರೇ ಸಮಾಧಾನ. "ನಾನ್ ಬಂದಿದ್ದೆ ಅಂತ ಬರ್ಕಳಮ್ಮ" ಎಂದು ಕೌಂಟರ್ ಹಿಡಿದು ನಿಲ್ಲುತ್ತಿದ್ದರು. ಬರೆದುಕೊಳ್ಳದಿದ್ದರೆ ತಾವು ಬಂದಿದ್ದೇ ಸುಳ್ಳಾಗುತ್ತದೆ ಎನ್ನುವ ಹಾಗೆ. ಅಷ್ಟು ದೂರದಿಂದ ಬಸ್ಸು ಹತ್ತಿ ಬಂದವರನ್ನು ಸುಮ್ಮನೆ ಕಳಿಸಲು ನನಗೂ ಮನಸ್ಸು ಬರುತ್ತಿರಲಿಲ್ಲ. ಅವರ ಹೆಸರು ತೆರೆದು, ಷರಾದಲ್ಲಿ 'ಬಂದು ವಿಚಾರಿಸಿದರು' ಎಂದು ಹೊಡೆದು, ಸೇವ್ ಮಾಡಿ, "ಬರ್ಕೊಂಡೆ, ಹೋಗ್ಬನ್ನಿ" ಎನ್ನುತ್ತಿದ್ದೆ. ಅವರ ಮುಖ ಅರಳುತ್ತಿತ್ತು. ನಾನೂ ಏನೋ ಉಪಕಾರ ಮಾಡಿದವಳಂತೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ.

ಹಾಗೆ ಬರುತ್ತಿದ್ದವರಲ್ಲಿ ಎಲ್ಲರಿಗಿಂತ ಹೆಚ್ಚು ಬಂದವಳು ನರಸಕ್ಕ. ಕೊಡಿಗೇನಹಳ್ಳಿಯಿಂದ ಇನ್ನೂ ಆಚೆ, ಹಿಂದೂಪುರದ ದಿಕ್ಕಿನ ಒಂದು ಹಳ್ಳಿಯವಳು. ಮಾತಿನಲ್ಲಿ ಅರ್ಧ ತೆಲುಗು. ವಯಸ್ಸು ಅರವತ್ತರ ಆಸುಪಾಸು. ದೀಪಾವಳಿ ಕಳೆದ ಮೇಲೆ ಅವರ ಹೋಬಳಿಯಲ್ಲಾದ ಕ್ಯಾಂಪಿನಲ್ಲಿ ಅವಳೂ ಅವಳ ಓರಗಿತ್ತಿ ಸಂಜೀವಮ್ಮನೂ ಒಟ್ಟಿಗೆ ಹೆಸರು ಬರೆಸಿದ್ದರು. ಇಬ್ಬರಿಗೂ ಗಂಡ ಇಲ್ಲ, ಒಂದೇ ಮನೆ, ಒಂದೇ ಒಲೆ, ಒಂದೇ ಫೋನು. ಸಂಜೀವಮ್ಮ ಬಾಯಿ ಸತ್ತವಳಂತೆ. ನರಸಕ್ಕನಿಗೆ ದೇವರು ಆ ಬಾಯನ್ನೂ ಸೇರಿಸಿ ಕೊಟ್ಟಿದ್ದ.

"ಏಮಮ್ಮಾ ಕಂಪೂಟ್ರಮ್ಮ, ನಮ್ ವಂತು ಬಂತಾ?" ಎಂದು ಬಾಗಿಲಿನಿಂದಲೇ ಕೂಗಿಕೊಂಡು ಬರುವಳು. ವಂತು ಅಂದರೆ ಆ ಕಡೆ ಸರದಿ. ಅವಳಿಗಿದ್ದ ಆತುರ ಒಂದೇ. ಹುಣಸೆ ಸುಗ್ಗಿ ಶುರುವಾಗುವುದರೊಳಗೆ ಕಣ್ಣು ಬರಬೇಕು. ಅವರ ಊರಿನ ಹೆಂಗಸರೆಲ್ಲ ಸುಗ್ಗಿಯಲ್ಲಿ ಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸಕ್ಕೆ ಹೋಗುವವರು. ಹಿಂದಿನ ಸಲ ನರಸಕ್ಕನ ಹಣ್ಣಿನಲ್ಲಿ ಬೀಜ ಉಳಿಯುತ್ತದೆ ಅಂತ ಮಂಡಿಯವರು ನಡುವೆಯೇ ಎಬ್ಬಿಸಿ ಕಳಿಸಿದ್ದರು.

"ಎಲ್ರೂ ಸಾಲಾಗಿ ಕುಂತಿದ್ರು ಕಣಮ್ಮ. ನನ್ನೊಬ್ಳುನ್ನೇ ಎದ್ದೋಗು ಅಂದ್ರು. ಬೇರೆವ್ರು ಕುಟ್ಟದು ಕೇಳುಸ್ಕಂಡು ಮನೇಲಿ ಕುಂತಿರದು ಹೆಂಗೆ ಹೇಳು? ಈ ಸುಗ್ಗಿಗೆ ನಾನು ಹೋಗ್ಲೇಬೇಕು. ಬರ್ಕ."

ಬರೆದುಕೊಂಡೆ. ಸೊಗಡಿನ ಅವರೆ ಬಂದಾಗ ಸೆರಗಿನಲ್ಲಿ ಅವರೆಕಾಯಿ ಕಟ್ಟಿಕೊಂಡು ಬಂದಳು. ಬೇಡವೆಂದರೂ ಕೌಂಟರಿನ ಮೇಲೆ ಸುರಿದಳು. ಅವತ್ತು ಮನೆಯಲ್ಲಿ ಅಮ್ಮ ಅದರದೇ ಸಾರು ಮಾಡಿದ್ದಳು, ನಾನು ಎರಡು ಸಲ ಮುದ್ದೆ ಹಾಕಿಸಿಕೊಂಡು ಉಂಡೆ. ಆ ದಿನ ನರಸಕ್ಕನ ಹೆಸರಿನ ಮುಂದೆ ಸ್ವಲ್ಪ ಉದ್ದವಾಗಿಯೇ ಬರೆದಿದ್ದೆ. ಹುಣಸೆ ಕೆಲಸಕ್ಕೆ ಹೋಗಬೇಕಂತೆ, ಆತುರ ಇದೆ, ಎಂದೆಲ್ಲ. ಸಂಕ್ರಾಂತಿಗೆ ಎಳ್ಳು ಹಿಡಿದುಕೊಂಡು ಮತ್ತೆ ಬಂದಳು. ಮತ್ತೆ ಬರೆದೆ, ಮತ್ತೆ ಸೇವ್ ಮಾಡಿದೆ.

ಆಮೇಲಾಮೇಲೆ ನನಗೆ ಸಾಕಾಯಿತು. ಬರುವವರ ಸಂಖ್ಯೆ ಏರುತ್ತಾ ಹೋಗಿ, ಎಲ್ಲರಿಗೂ ಅದೇ ಮಾತು ಹೊಡೆದು ಹೊಡೆದು ಬೆರಳು ನೋಯುತ್ತಿತ್ತು. ಜಾಣೆ ಅಲ್ಲವೇ ನಾನು, ಒಂದು ಉಪಾಯ ಮಾಡಿದೆ. ಒಂದೇ ಕೀಲಿ ಒತ್ತಿದರೆ 'ಬಂದಿದ್ದರು' ಎಂಬ ಪದ ಷರಾದಲ್ಲಿ ತಾನಾಗಿ ಬಿದ್ದು ಸೇವ್ ಆಗುವ ಹಾಗೆ. ಜನ ಹೇಳುವಷ್ಟು ಹೊತ್ತು ತಲೆಯಾಡಿಸುವುದು, ಕೊನೆಗೆ ಆ ಕೀಲಿ ಒತ್ತುವುದು.

ಶಿವರಾತ್ರಿಯ ಹಿಂದೆ ಮುಂದೆ ಇರಬೇಕು, ಚನ್ನರಾಯನದುರ್ಗದ ಕಡೆಯವರು ಒಂದು ಟೆಂಪೋ ತುಂಬ ಬಂದಿದ್ದ ದಿನ ನರಸಕ್ಕನೂ ಬಂದಳು. ಕೂಗಿಕೊಂಡು ಬರಲಿಲ್ಲ. ಕೌಂಟರಿಗೆ ಒರಗಿ ನಿಂತು ಹೇಳಿದಳು:

"ಬಲಗಣ್ಣು ಬಾಳ ನೋಯ್ತದೆ ತಾಯಿ. ತಲೆ ಅರ್ಧ ಸಿಡುದ್ ಹೋಯ್ತದೆ. ಹೊಟ್ಟೆ ತೊಳಸ್ತದೆ. ದೀಪ ಕಂಡ್ರೆ ಸುತ್ಲೂ ಬಣ್ಣಬಣ್ಣ ಕಾಣ್ತದೆ. ಕಣ್ಣು ಕೆಂಪಾಗೈತೆ ಅಂತಾಳೆ ಸಂಜೀವಿ. ಹೆಂಗಾನಾ ಮಾಡಿ ಈ ವಾರ ಹಾಕುಸ್ಬುಡು. ಎಲ್ಲ ಬರ್ಕ."

ಹಿಂದೆ ಜನ ನೂಕುತ್ತಿದ್ದರು. ನಾನು ಅವಳ ಮುಖ ಸಹ ನೋಡಲಿಲ್ಲ. ಕೀಲಿ ಒತ್ತಿದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಎಲ್ಲರಿಗೂ ಕೇಳುವಂತೆ, "ನರಸಕ್ಕ, ಹಿಂಗೆ ಪದೇಪದೇ ಬಂದ್ರೆ ನಿಮ್ ಹೆಸರೇನು ಹಾರ್ಕೊಂಡು ಮುಂದಕ್ಕೆ ಬರಲ್ಲ. ನಿಮ್ಮ ಓರಗಿತ್ತೀನ ನೋಡಿ, ಒಂದಿನಾನಾದ್ರೂ ಬಂದಿದಾರಾ? ಸ್ವಲ್ಪ ತಾಳ್ಮೆ ಕಲೀರಿ" ಅಂದುಬಿಟ್ಟೆ. ಟೆಂಪೋದವರು ಕಿಸಕ್ಕನೆ ನಕ್ಕರು. ನರಸಕ್ಕ ಸೆರಗನ್ನು ಕಣ್ಣಿಗೆ ಒತ್ತಿಕೊಂಡು, ಗೋಡೆ ಸವರಿಕೊಂಡು ಹೊರಗೆ ಹೋದಳು. ಆಮೇಲೆ ಅವಳು ಬರಲಿಲ್ಲ. ಬುದ್ಧಿ ಬಂತು ಎಂದುಕೊಂಡೆ.

ಯುಗಾದಿ ಕಳೆದ ಮೇಲೆ ಆ ವಾರದ ಪಟ್ಟಿಯಲ್ಲಿ ಸಂಜೀವಮ್ಮನ ಹೆಸರು ಬಂತು. ಫೋನ್ ಮಾಡಿಸಿದೆ. ಬೆಳಿಗ್ಗೆ ಮೊದಲ ಬಸ್ಸಿಗೇ ಇಬ್ಬರೂ ಬಂದಿಳಿದರು. ಕಣ್ಣು ಮಂಜಾದ ಸಂಜೀವಮ್ಮನ ಕೈಯನ್ನು, ಅವಳಿಗಿಂತಲೂ ಕಡಿಮೆ ಕಾಣುವ ನರಸಕ್ಕ ಹಿಡಿದುಕೊಂಡಿದ್ದಳು. ಯಾರು ಯಾರನ್ನು ನಡೆಸುತ್ತಿದ್ದಾರೆ ಎಂದೇ ತಿಳಿಯುತ್ತಿರಲಿಲ್ಲ. ನರಸಕ್ಕನ ಬಲಗಣ್ಣು ಕೆಂಡದಂತೆ ಕೆಂಪಾಗಿ ಊದಿಕೊಂಡಿತ್ತು.

"ನಾವಿಬ್ರೂ ಒಂದೇ ದಿನ ಬರ್ಸಿದ್ದು ಅಲ್ವೇನಮ್ಮ? ಇವ್ಳುದು ಬಂದೈತೆ ಅಂದ್ರೆ ನಂದೂ ಬಂದೇ ಇರ್ತದೆ ಅಂತ ಬಂದೆ. ಬೈಬ್ಯಾಡ" ಎಂದಳು.

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಒಂದೇ ದಿನ, ಒಂದೇ ಕ್ಯಾಂಪು. ಪಟ್ಟಿಯನ್ನು ಕೆಳಗೆ ಕೆಳಗೆ ಎಳೆಯುತ್ತಾ ಹೋದೆ. ನರಸಕ್ಕನ ಹೆಸರು ತೀರಾ ಕೆಳಗೆ, ಈಚೆಗೆ ಬರೆಸಿದವರ ಜೊತೆಗಿತ್ತು. ಪರದೆಯ ಅಂದಚಂದ ಬದಿಗಿಟ್ಟು, ಒಳಗಿನ ಟೇಬಲ್ಲನ್ನೇ ತೆರೆದು ತಾರೀಖು ನೋಡಿದೆ. ದೀಪಾವಳಿಯ ಹಿಂದುಮುಂದಿನ ತಾರೀಖು ಅಲ್ಲಿರಲಿಲ್ಲ. ಇದ್ದದ್ದು ಅವಳು ಕಣ್ಣು ನೋಯುತ್ತದೆ ಎಂದು ಹೇಳಲು ಬಂದಿದ್ದ ದಿನದ್ದು.

ವಿಷಯ ಇಷ್ಟೇ. ನಾನು ತಾರೀಖಿಗೆ ಆರಿಸಿಕೊಂಡಿದ್ದ ಬಗೆಯ ಕಾಲಂಗೆ ಒಂದು ಹುಟ್ಟುಗುಣ ಇತ್ತು. ಆ ಸಾಲಿನಲ್ಲಿ ಬೇರೆ ಯಾವುದೇ ಕಾಲಂನ ಒಂದು ಅಕ್ಷರ ಬದಲಾಗಲಿ, ಅದು ಯಾರನ್ನೂ ಕೇಳದೆ ತನ್ನ ಹಳೆಯ ತಾರೀಖನ್ನು ಅಳಿಸಿ ಆ ಹೊತ್ತಿನ ತಾರೀಖನ್ನು ಹಾಕಿಕೊಳ್ಳುತ್ತದೆ. ಬೇಡವೆಂದು ಮೊದಲೇ ಹೇಳಿಟ್ಟಿದ್ದರೆ ಸುಮ್ಮನಿರುತ್ತಿತ್ತು. ನಾನು ಹೇಳಿರಲಿಲ್ಲ. ಅದು ಹೀಗೆ ಮಾಡುತ್ತದೆಂದು ನನಗೆ ಗೊತ್ತೇ ಇರಲಿಲ್ಲ. 'ಬಂದು ವಿಚಾರಿಸಿದರು' ಎಂದು ನಾನು ಬರೆದಾಗಲೆಲ್ಲ ಆ ಜನ ಅವತ್ತೇ ಹೊಸದಾಗಿ ಹೆಸರು ಬರೆಸಿದವರಾಗುತ್ತಿದ್ದರು. ಪಟ್ಟಿಯ ಮೇಲ್ತುದಿಯಿಂದ ಮತ್ತೆ ಬುಡಕ್ಕೆ. ಹೆಸರು ಹೆಸರೂ ನೋಡುತ್ತಾ ಬಂದಂತೆ ಮುಖಗಳು ನೆನಪಾದವು. ತಾವರೆಕೆರೆಯಿಂದ ಫೋನ್ ಮಾಡಿ ಮಾಡಿ ಪೀಡಿಸುತ್ತಿದ್ದ ರಿಟೈರಾದ ಮೇಷ್ಟ್ರು, ಮಗಳ ಮದುವೆಯೊಳಗೆ ಕಣ್ಣು ಬೇಕೆಂದು ಅಳುತ್ತಿದ್ದ ಪಾವಗಡದ ತಾಯಿ, ಎಲ್ಲರೂ ಕೆಳಗೆ. ಒಂದು ದಿನವೂ ಬಾಯಿ ತೆರೆಯದವರು ಮೇಲೆ. ಅವರ ಆಪರೇಷನ್ ಒಂದೊಂದಾಗಿ ಆಗಿಹೋಗಿತ್ತು. ಯಾರಿಗೆ ಹೆಚ್ಚು ಅವಸರವಿತ್ತೋ ಅವರನ್ನೇ ಆರಿಸಿ ಆರಿಸಿ ನಾನು ಹಿಂದಕ್ಕೆ ತಳ್ಳಿದ್ದೆ, ಅದೂ ನಗುನಗುತ್ತಾ.

ಡಾಕ್ಟರಿಗೆ ಓಡಿಹೋಗಿ ಹೇಳಿದೆ. ಅವರು ಮೊದಲು ನರಸಕ್ಕನನ್ನು ಒಳಗೆ ಕರೆಸಿ ಕಣ್ಣು ಪರೀಕ್ಷೆ ಮಾಡಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಪೊರೆ ಬಲಿತು ಊದಿಕೊಂಡು ಕಣ್ಣಿನೊಳಗೆ ಒತ್ತಡ ಏರಿ ಬಹಳ ದಿನವಾಗಿತ್ತು.

"ಯಾವಾಗಿಂದ ನೋವು?"

"ಶಿವರಾತ್ರಿಯಿಂದ ಸ್ವಾಮಿ."

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ? ನೋವು ಅಂದ್ರೆ ಸರದಿ ಗಿರದಿ ನೋಡಲ್ಲ ನಾವು, ಅವತ್ತೇ ಮಾಡ್ತೀವಿ."

"ಹೇಳಿದ್ನಲ್ಲ ಸ್ವಾಮಿ" ಎಂದು ನರಸಕ್ಕ ನನ್ನ ಕಡೆ ಕೈ ತೋರಿದಳು. "ಈಯಮ್ಮ ಬರ್ಕಂಡ್ರು."

ಡಾಕ್ಟರು ನನ್ನ ಮುಖ ನೋಡಿದರು. ಅವಳ ಷರಾದಲ್ಲಿ ಆ ದಿನ ಏನಿತ್ತೆಂದು ನನಗೊಬ್ಬಳಿಗೇ ಗೊತ್ತು. 'ಬಂದಿದ್ದರು.' ನಾನು ತಲೆ ತಗ್ಗಿಸಿ, "ತಾರೀಖು ಬದಲಾಗಿಬಿಟ್ಟಿದೆ ಸರ್" ಎಂದೆ. ಅದು ಸುಳ್ಳಲ್ಲ. ಅವರು ಕೇಳಿದ್ದಕ್ಕೆ ಉತ್ತರವೂ ಅಲ್ಲ.

ಬಲಗಣ್ಣು ಹೋಯಿತು. ತುಮಕೂರಿಗೂ ಕಳಿಸಿ ನೋಡಿದರು, ನರ ಸತ್ತಿದೆ ಎಂದರು. ಎಡಗಣ್ಣಿನ ಪೊರೆಯನ್ನು ನಮ್ಮ ಡಾಕ್ಟರೇ ತೆಗೆದರು, ಅದು ಉಳಿಯಿತು. ಆ ವರ್ಷದ ಹುಣಸೆ ಸುಗ್ಗಿ ಅಷ್ಟು ಹೊತ್ತಿಗೆ ಮುಗಿದೇ ಹೋಗಿತ್ತು.

ಪ್ರೋಗ್ರಾಂ ಸರಿಮಾಡಲು ಒಂದು ಸಾಲು ತಿದ್ದಿದರೆ ಸಾಕಾಯಿತು. ಆದರೆ ಅಳಿಸಿಹೋದ ತಾರೀಖುಗಳು ಮರಳಿ ಬರಲಿಲ್ಲ. ಕ್ಯಾಂಪಿನ ಹಾಳೆಗಳನ್ನು ನಾನೇ ರದ್ದಿಗೆ ಹಾಕಿಸಿದ್ದೆನಲ್ಲ. ಕೆಳಗೆ ಬಿದ್ದವರಿಗೆಲ್ಲ ಫೋನ್ ಮಾಡಿ, ನೀವು ಯಾವತ್ತು ಬರೆಸಿದ್ದು ಎಂದು ಕೇಳುತ್ತಾ ಕೂತೆ. ರಾಗಿ ಕಟಾವಿನ ವಾರ ಎನ್ನುವರು ಒಬ್ಬರು. ನಮ್ಮ ಎಮ್ಮೆ ಈದಿದ್ದ ಮಾರನೇ ದಿನ ಎನ್ನುವರು ಇನ್ನೊಬ್ಬರು. ಅವರು ಹೇಳಿದ ಹಾಗೆ ಹಾಕಿಕೊಂಡೆ. ಒಬ್ಬರೂ ಬೈಯಲಿಲ್ಲ. "ಕಂಪೂಟ್ರು ಅಂದ್ಮೇಲೆ ಆಗ್ತದೆ ಬುಡಮ್ಮ" ಎಂದರು. ಡಾಕ್ಟರೂ ಅದನ್ನೇ ಅಂದರು. ಹೀಗೆ ಎಲ್ಲರೂ ಸೇರಿ ಕಂಪ್ಯೂಟರನ್ನು ಕ್ಷಮಿಸಿಬಿಟ್ಟರು, ನಾನು ಅದರ ಬೆನ್ನ ಹಿಂದೆ ನಿಂತುಕೊಂಡೆ.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ವಾರ್ಡಿನಲ್ಲಿ ಮಲಗಿದ್ದ ನರಸಕ್ಕನಿಗೂ ಹೋಗಿ ಹೇಳಿದೆ, ನನಗೆ ಬೇಕಾದಷ್ಟನ್ನು. ನೀವು ಬಂದು ಕೇಳಿದಾಗಲೆಲ್ಲ ತಾರೀಖು ಬದಲಾಗಿ ನಿಮ್ಮ ವಂತು ಹಿಂದಕ್ಕೆ ಹೋಗಿದೆ, ಅದು ಕಂಪ್ಯೂಟರಿನ ದೋಷ, ಎಂದೆ.

"ಅಂಗಾರೆ ಕೇಳ್ಕಂಡು ಬಂದಂಗೆಲ್ಲ ಹಿಂದ್ ಹಿಂದಕ್ಕೆ ಹೋಯ್ತಾ?" ಎಂದಳು. "ಸಂಜೀವಿ ಥರ ಮನೇಲಿ ಬಿದ್ದಿದ್ರೆ ಆಗ್ತಿತ್ತು. ನಂಗೆ ಈ ಹಾಳು ಬಾಯಿ."

ತಪ್ಪು ನಿಮ್ಮ ಬಾಯಿಯದಲ್ಲ, ನೋವು ಅಂದಿದ್ದನ್ನು ನಾನೇ ಬರೆದುಕೊಳ್ಳಲಿಲ್ಲ ಎಂದು ಹೇಳಬೇಕಿತ್ತು. ಹೇಳದೆ ಎದ್ದು ಬಂದೆ. ಕೆಲವು ತಿಂಗಳಲ್ಲಿ ಶಿರಾದ ಕೆಲಸ ಸಿಕ್ಕಿತು. ಹೊರಟೇಹೋದೆ.

ಇವತ್ತು ನಿಲ್ದಾಣದಲ್ಲಿ ಆ ಹುಣಸೆ ಮೂಟೆಗಳ ಪಕ್ಕದಿಂದ ಸರಿದು ಬೇರೆ ಕಡೆ ನಿಲ್ಲೋಣ ಎಂದು ತಿರುಗಿದರೆ, ಕಂಬದ ಆಚೆಯ ಕಟ್ಟೆಯ ಮೇಲೆ ಚೀಲ ತಬ್ಬಿಕೊಂಡು ಅವಳೇ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಲಗಣ್ಣು ಸುಣ್ಣ ಬಳಿದ ಹಾಗೆ. ಓಡಿಹೋಗಬೇಕೆನಿಸಿತು, ನಿಜ ಹೇಳುತ್ತೇನೆ. ಆದರೆ ಅವಳು ಕೂತಿದ್ದು ಶಿರಾ ಬಸ್ಸು ನಿಲ್ಲುವ ಕಡೆ. ಹಿಂದೂಪುರದ ಬಸ್ಸೊಂದು ಆಚೆ ಬದಿಯಿಂದ ನನ್ನ ಕಣ್ಣೆದುರೇ ಹೊರಟುಹೋಗಿತ್ತು.

"ನರಸಕ್ಕ, ಊರಿಗಾ? ಇಲ್ಲಿ ಯಾಕೆ ಕೂತಿದೀರಿ? ನಿಮ್ ಬಸ್ಸು ಆ ಕಡೆಯಿಂದ ಹೋಯ್ತಲ್ಲ."

ದನಿಯಲ್ಲೇ ಗುರುತು ಹಿಡಿದಳು. "ಅಯ್ಯ, ಕಂಪೂಟ್ರಮ್ಮ! ಬಾ ಕುಂತ್ಕ" ಎಂದು ಜಾಗ ಬಿಟ್ಟಳು. "ಹೋಯ್ತಾ? ಹೋಗ್ಲಿ ಬುಡು, ಇನ್ನೊಂದು ಬರ್ತದೆ. ಆಗ್ಲೂ ಒಂದು ಹೋಯ್ತು ಅಂತ ಕಾಣ್ತದೆ."

"ಯಾರನ್ನಾದ್ರೂ ಕೇಳಬಾರದಿತ್ತಾ?"

"ಕೇಳದು ಬುಟ್ಬುಟ್ಟಿದೀನಿ ಕಣಮ್ಮ. ಕೇಳುದ್ರೆ ಹಿಂದಕ್ಕೋಗ್ತದೆ ಅಂತ ನೀನೇ ಅಲ್ವಾ ಹೇಳಿದ್ದು?"

ಹಾಸ್ಯಕ್ಕೆ ಅಂದಳೋ ಎಂದು ಮುಖ ನೋಡಿದೆ. ಅಲ್ಲ. ರೇಷನ್ ಅಂಗಡಿಯಲ್ಲೂ ಹಾಗೆಯೇ ಕೂರುತ್ತಾಳಂತೆ, ಹುಣಸೆ ಮಂಡಿಯಲ್ಲೂ ಕರೆದಾಗ ಹೋಗುತ್ತಾಳಂತೆ. ನಾನು ಗಡಬಡಿಸಿ, ಅದು ಕಂಪ್ಯೂಟರಿನ ತಪ್ಪು, ಕೇಳಿದವರದ್ದಲ್ಲ, ಅದನ್ನು ಆವಾಗಲೇ ಸರಿಮಾಡಿದೆ, ನೀವು ಕೇಳಬೇಕು, ಎಂದೆಲ್ಲ ಹೇಳಿದೆ.

"ಸರಿ ಹೋಯ್ತಾ? ಒಳ್ಳೇದಾಯ್ತು" ಎಂದಳು. ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ, "ಮೊದ್ಮೊದ್ಲು ನಾನ್ ಹೇಳಿದ್ದಕ್ಕೆಲ್ಲ ಟಕಟಕ ಟಕಟಕ ಅಂತ ಬಾಳ ಹೊತ್ತು ಹೊಡೀತಿದ್ದೆ. ಪಾಪ, ಎಷ್ಟು ಬರ್ಕಂತದೆ ಮಗ ಅಂತಿದ್ದೆ. ಆ ಸಿವರಾತ್ರೀಲಿ ಕಣ್ಣು ನೋವು ಅಂತ ಅಷ್ಟುದ್ದ ಹೇಳಿದ್ನಲ್ಲ, ಅವತ್ತು ಒಂದೇ ಸಲ ಟಕ್ ಅಂತು. ಕಣ್ಣಿಗೆ ಕಾಣದಿದ್ರೂ ಕಿವಿ ಐತಲ್ಲ. ಇಷ್ಟು ಸಾಲ್ದು ಅನ್ನುಸ್ತು. ಕೇಳಾನ ಅನ್ಕಂಡೆ. ಅಷ್ಟ್ರಲ್ಲಿ ನೀನು ಬೈದೆ" ಎಂದಳು.

ಇಷ್ಟು ವರ್ಷ ಯಾರಿಗೂ ತಿಳಿಯದು ಎಂದು ನಾನು ಹೊತ್ತು ತಿರುಗಿದ್ದು, ಅವಳಿಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಡಾಕ್ಟರ ಮುಂದೆ, ಈಯಮ್ಮ ಬರ್ಕಂಡ್ರು ಎಂದಿದ್ದಳು. ಕೂತ ಜಾಗದಲ್ಲೇ ಭೂಮಿ ಬಾಯಿ ಬಿಡಬಾರದೇ ಎನಿಸಿತು. ತಪ್ಪಾಯ್ತು ನರಸಕ್ಕ ಎಂದೆನೋ ಇಲ್ಲವೋ, ಬಸ್ಸುಗಳ ಗಲಾಟೆಯಲ್ಲಿ ನನಗೇ ಕೇಳಿಸಲಿಲ್ಲ.

ಹಿಂದೂಪುರದ ಇನ್ನೊಂದು ಬಸ್ಸು ಬಂತು. ಕೈ ಹಿಡಿದು ಕರೆದುಕೊಂಡು ಹೋಗಿ ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿದೆ. ಕಂಡಕ್ಟರ್, "ಎಲ್ಲಿಗಜ್ಜಿ?" ಎಂದ. ಅವಳು ನನ್ನ ಕಡೆ ತಿರುಗಿದಳು. ನಾನು ಹೇಳಿದೆ. ಕೊಡಿಗೇನಹಳ್ಳಿ ದಾಟಿದ ಮೇಲೆ ಇವರ ಊರಿನ ಗೇಟು ಬರುತ್ತದೆ, ಅಲ್ಲಿ ಇಳಿಸಬೇಕು. ಬಲಗಣ್ಣು ಕಾಣುವುದಿಲ್ಲ, ಇಳಿಯುವಾಗ ಬಲಗಡೆ ಹಿಡಿದುಕೊಳ್ಳಬೇಕು. ಇವರು ತಾವಾಗಿ ಕೇಳುವುದಿಲ್ಲ, ಊರು ಬಂದಾಗ ನೀವೇ ನೆನಪಿಟ್ಟುಕೊಂಡು ಕೂಗಬೇಕು. ಅವನು ಆಯ್ತು ಮೇಡಂ ಆಯ್ತು ಎನ್ನುತ್ತಿದ್ದರೂ ಬಿಡದೆ ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ.

ಇಳಿದು ಕಿಟಕಿಯ ಕೆಳಗೆ ನಿಂತೆ. ನರಸಕ್ಕ ಕಂಬಿಯ ನಡುವಿನಿಂದ ಕೈ ಹಾಕಿ ನನ್ನ ತಲೆ ಸವರಿದಳು.

"ಇವತ್ತು ಪೂರ್ತಿ ಹೇಳ್ದೆ ನೋಡು" ಎಂದಳು.

ಬಸ್ಸು ಹೊರಟಿತು. ನನ್ನ ಶಿರಾ ಬಸ್ಸು ಬಂದು ಜನ ಹತ್ತಿಸಿಕೊಂಡು ಹೋದದ್ದೂ ಗೊತ್ತಾಯಿತು. ತಲೆ ಎತ್ತಿ ಅದರ ಕಡೆ ಹೋಗುವುದು ನನ್ನಿಂದಾಗಲಿಲ್ಲ.